ಕಾರಿನೊಳಗೆ ಬ್ಯಾಟರಿ ಆಸಿಡ್ ಚೆಲ್ಲಿದರೆ: ಒಣಗದ ಕಲೆಯ ಬೆನ್ನು ಹತ್ತುವ ಸಮಗ್ರ ಮಾರ್ಗದರ್ಶಿ

ಜೂನ್ ಎರಡನೇ ವಾರ. ಹೆಬ್ರಿ ಕಡೆಯ ಹಳೆಮನೆಗೆ ಇನ್ವರ್ಟರ್ ಬ್ಯಾಟರಿ ಒಯ್ಯಬೇಕಿತ್ತು. ಉಡುಪಿಯಲ್ಲಿ 150 ಎಎಚ್‌ನ ಟ್ಯೂಬುಲರ್ ಬ್ಯಾಟರಿ ಕೊಂಡು, ಕಾರಿನ ಡಿಕ್ಕಿಯಲ್ಲಿ ನಿಲ್ಲಿಸಿ, ಅಲುಗದ ಹಾಗೆ ಪಕ್ಕಕ್ಕೊಂದು ಅಕ್ಕಿಚೀಲ ಒರಗಿಸಿ ಹೊರಟೆ. ಪೆರ್ಡೂರು ದಾಟುವಾಗ ತಿರುವಿನಲ್ಲಿ ಎದುರಾದ ಬಸ್ಸಿಗೆ ಹೆದರಿ ಬ್ರೇಕ್ ಒತ್ತಿದೆ, ಹಿಂದೆ ‘ದಡ್’ ಅಂತ ಸದ್ದಾಯಿತು. ಇಳಿದು ನೋಡಿದರೆ ಬ್ಯಾಟರಿ ಅಕ್ಕಿಚೀಲದ ಮೇಲೆ ಮಲಗಿತ್ತು. ಎತ್ತಿ ನಿಲ್ಲಿಸಿದೆ. ಒಂದು ಚಹಾ ಲೋಟದಷ್ಟು ಚೆಲ್ಲಿರಬಹುದು ಅನಿಸಿತು. ಒದ್ದೆ ಬಟ್ಟೆಯಲ್ಲಿ ಒರೆಸಿದೆ, ಕೈ ತೊಳೆದುಕೊಂಡೆ, ಮರೆತುಬಿಟ್ಟೆ.

ಮರುದಿನ ಗೋಣಿಚೀಲ ಮುಟ್ಟಿದಲ್ಲೆಲ್ಲ ಪುಡಿಯಾಯಿತು. ಒರೆಸುವಾಗ ಮೊಣಕಾಲೂರಿದ್ದ ಜೀನ್ಸ್ ಪ್ಯಾಂಟು ಒಗೆದು ಬಂದಾಗ ಮೊಣಕಾಲಿನ ಹತ್ತಿರ ಜರಡಿಯಾಗಿತ್ತು. ಡಿಕ್ಕಿಯ ಕಾರ್ಪೆಟಿನಲ್ಲಿ ಅಂಗೈಯಗಲದ ಒಂದು ಕಲೆ ಮಾತ್ರ ನಾಲ್ಕು ದಿನವಾದರೂ ಒಣಗಲಿಲ್ಲ. ಮಳೆನೀರು ಎಲ್ಲಿಂದಲೋ ಸೋರುತ್ತಿದೆ ಅಂದುಕೊಂಡು ಡಿಕ್ಕಿಯ ರಬ್ಬರ್ ಬೀಡಿಂಗನ್ನೆಲ್ಲ ತಡವಿ ನೋಡಿದೆ. ಸೋರುತ್ತಿರಲಿಲ್ಲ. ಆ ಕಲೆಯೇ ಗಾಳಿಯಿಂದ ನೀರು ಕುಡಿಯುತ್ತಿತ್ತು.

ಈ ಕೆಲಸದಲ್ಲಿ ತಿಳಿಯಬೇಕಾದ ಮುಖ್ಯ ಸಂಗತಿ ಇದೇ. ಬ್ಯಾಟರಿಯ ದ್ರವದಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಗಂಧಕಾಮ್ಲ (ಸಲ್ಫ್ಯೂರಿಕ್ ಆಸಿಡ್), ಉಳಿದದ್ದು ನೀರು. ನೀರು ಆವಿಯಾಗುತ್ತದೆ, ಗಂಧಕಾಮ್ಲ ಆಗುವುದಿಲ್ಲ. ಬೇಸಿಗೆಯಲ್ಲಿ ಗಾಜು ಏರಿಸಿ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ನೀರು ಹೋಗಿ ಆಸಿಡ್ ಮಾತ್ರ ಗಟ್ಟಿಯಾಗುತ್ತ ಬಂದು ಬಟ್ಟೆಯನ್ನು ಸುಟ್ಟಂತೆ ಕಪ್ಪಾಗಿಸುತ್ತದೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಕಥೆ ಉಲ್ಟಾ. ಗಾಳಿಯ ತೇವ 90 ಶೇಕಡಾ ದಾಟಿದಾಗ ಬ್ಯಾಟರಿ ಆಸಿಡ್ ಒಣಗುವುದರ ಬದಲು ನೀರು ಹೀರಿ ಹಿಗ್ಗುತ್ತದೆ, ಸುತ್ತಲಿಗೆ ಹಬ್ಬುತ್ತದೆ. ಬಯಲುಸೀಮೆಯವರಿಗೆ ಕಾಣುವುದು ಸುಟ್ಟ ಕಲೆ, ನಮಗೆ ಕಾಣುವುದು ಒದ್ದೆ ಕಲೆ. ಒದ್ದೆಯನ್ನು ನಾವು ಮಳೆಯ ತಲೆಗೆ ಕಟ್ಟಿ ಸುಮ್ಮನಾಗುತ್ತೇವೆ.

ಹಾಗಾಗಿ ಒರೆಸಿದರೆ, ಒಣಗಿಸಿದರೆ ಮುಗಿಯುವ ಕೆಲಸವಲ್ಲ ಇದು. ಆಸಿಡನ್ನು ಅದು ಇದ್ದಲ್ಲೇ ಕೊಂದು, ಆಮೇಲೆ ತೊಳೆಯಬೇಕು.

ಮೊದಲು ಮೈ, ಆಮೇಲೆ ಕಾರು

ಚರ್ಮಕ್ಕೆ ತಾಗಿದ್ದರೆ ಹರಿಯುವ ನೀರಿನಡಿ ಕನಿಷ್ಠ 15–20 ನಿಮಿಷ ಹಿಡಿಯಿರಿ. ಬಟ್ಟೆಗೆ ತಾಗಿದ್ದರೆ ಬಟ್ಟೆ ಬಿಚ್ಚಿ, ನಾಚಿಕೆಗೆ ಆಮೇಲೆ ಸಮಯವುಂಟು. ಮೈಮೇಲೆ ಸೋಡಾಪುಡಿ ಉಜ್ಜಬೇಡಿ. ಕಾರಿಗೆ ಮುಂದೆ ಹೇಳುವ ಮದ್ದು ಚರ್ಮಕ್ಕಲ್ಲ, ಅಲ್ಲಿ ಬರೀ ನೀರು. ಅರಶಿನ, ತೆಂಗಿನೆಣ್ಣೆ, ಟೂತ್‌ಪೇಸ್ಟ್ ಯಾವುದೂ ಬೇಡ.

ಕಣ್ಣಿಗೆ ಒಂದು ಹನಿ ಸಿಡಿದರೂ ರೆಪ್ಪೆಗಳನ್ನು ಬೆರಳಲ್ಲಿ ಅಗಲಿಸಿ ಹಿಡಿದು, ಮೂಗಿನ ಕಡೆಯಿಂದ ಕಿವಿಯ ಕಡೆಗೆ ನೀರು ಹರಿಯುವಂತೆ 20 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕು. ಮಂಗಳೂರಿನಲ್ಲಿ ವೆನ್ಲಾಕ್, ಉಡುಪಿಯಲ್ಲಿ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆ, ಮಣಿಪಾಲದಲ್ಲಿ ಕಸ್ತೂರ್ಬಾ, ಯಾವುದು ಹತ್ತಿರವೋ ಅದು. ಗಾಡಿ ಓಡಿಸುವವರು ಇಲ್ಲದಿದ್ದರೆ 108. ಉರಿ ಕಡಿಮೆಯಾಯಿತೆಂದು ಮನೆಯಲ್ಲೇ ಕೂತರೆ ಅದು ಧೈರ್ಯವಲ್ಲ, ಪೆದ್ದುತನ.

ಚೆಲ್ಲಿದ್ದು ಯಾವ ಬ್ಯಾಟರಿಯದ್ದು?

ಇಲ್ಲಿ ಬರೆಯುತ್ತಿರುವುದು ಸೀಸದ ಬ್ಯಾಟರಿಯ ಆಸಿಡ್ ಬಗ್ಗೆ: ಕಾರಿನದ್ದು, ಇನ್ವರ್ಟರಿನದ್ದು, ಮಲ್ಪೆಯ ಬೋಟುಗಳದ್ದು. ಕಾರಿನದೇ ಬ್ಯಾಟರಿ ಸಾಮಾನ್ಯವಾಗಿ ಬಾನೆಟ್ಟಿನಡಿ ಇರುತ್ತದಾದ್ದರಿಂದ ಒಳಗೆ ಚೆಲ್ಲುವುದು ಅಪರೂಪ. ಕೆಲವು ಕಾರುಗಳಲ್ಲಿ ಸೀಟಿನಡಿ ಅಥವಾ ಡಿಕ್ಕಿಯಲ್ಲಿ ಇರುವುದೂ ಉಂಟು. ನಮ್ಮಲ್ಲಿ ಚೆಲ್ಲುವುದು ಹೆಚ್ಚಾಗಿ ಸಾಗಿಸುವಾಗ. 150 ಎಎಚ್‌ನ ಎತ್ತರದ ಟ್ಯೂಬುಲರ್ ಬ್ಯಾಟರಿಯಲ್ಲಿ 15–20 ಲೀಟರ್ ದ್ರವ ಇರುತ್ತದೆ. ಮೇಲಿನ ಆರು ಮುಚ್ಚಳಗಳಲ್ಲಿ ನೀರಿನ ಮಟ್ಟ ತೋರಿಸುವ ಫ್ಲೋಟ್ ಇರುತ್ತದಲ್ಲ, ಬ್ಯಾಟರಿ ವಾಲಿದರೆ ಅಲ್ಲಿಂದಲೇ ಸೋರುತ್ತದೆ.

ಟಾರ್ಚಿನ ಅಲ್ಕಲೈನ್ ಸೆಲ್ ಒಡೆದು ಸೋರಿದ್ದಾದರೆ ಅದು ಆಸಿಡ್ ಅಲ್ಲ, ಕ್ಷಾರ. ಅದಕ್ಕೆ ಲಿಂಬೆರಸ ಅಥವಾ ವಿನೆಗರ್, ಸೋಡಾ ಅಲ್ಲ. ಲಿಥಿಯಂ ಬ್ಯಾಟರಿ ಉಬ್ಬಿದರೆ, ಒಡೆದರೆ, ಬಿಸಿಯಾದರೆ ಕಾರಿನಿಂದ ದೂರ ನಿಂತು ಬೆಂಕಿ ನಂದಿಸುವವರನ್ನು ಕರೆಯುವ ವಿಷಯ, ಅದಕ್ಕೂ ಈ ಲೇಖನಕ್ಕೂ ಸಂಬಂಧವಿಲ್ಲ.

ಆಸಿಡೋ ನೀರೋ ಅನುಮಾನವಿದ್ದರೆ ಮೂಸಿ ನೋಡಬೇಡಿ. ತಣ್ಣಗಿನ ಗಂಧಕಾಮ್ಲಕ್ಕೆ ಹೇಳಿಕೊಳ್ಳುವಂಥ ವಾಸನೆಯೇ ಇಲ್ಲ. ಚಿಟಿಕೆ ಅಡುಗೆ ಸೋಡಾ ಉದುರಿಸಿ. ಬುಸ್ಸೆಂದು ನೊರೆ ಬಂದರೆ ಆಸಿಡ್.

ಬೇಕಾದ ಸಾಮಾನು

ಅಡುಗೆ ಸೋಡಾ ಕನಿಷ್ಠ ಅರ್ಧ ಕೆಜಿ. ಲೆಕ್ಕ ಹೀಗೆ: 100 ಮಿಲಿಲೀಟರ್ ಬ್ಯಾಟರಿ ಆಸಿಡ್‌ನಲ್ಲಿ ಸುಮಾರು 42 ಗ್ರಾಂ ಶುದ್ಧ ಗಂಧಕಾಮ್ಲ ಇರುತ್ತದೆ, ಅದನ್ನು ತಟಸ್ಥ ಮಾಡಲು 72 ಗ್ರಾಂ ಅಡುಗೆ ಸೋಡಾ ಬೇಕು. ನನ್ನ ಚಹಾ ಲೋಟಕ್ಕೆ 110 ಗ್ರಾಂ ಸಾಕಾಗಬೇಕಿತ್ತು. ಆದರೆ ಹಾಕಿದ ಸೋಡಾ ಎಲ್ಲವೂ ಆಸಿಡನ್ನು ತಲುಪುವುದಿಲ್ಲ, ಅರ್ಧಕ್ಕರ್ಧ ಮೇಲೆಯೇ ಉಳಿಯುತ್ತದೆ. ಹಾಗಾಗಿ ಮೂರು-ನಾಲ್ಕು ಪಟ್ಟು ಇಟ್ಟುಕೊಳ್ಳಿ. ಅಡುಗೆಮನೆಯ 50 ಗ್ರಾಮಿನ ಪೊಟ್ಟಣವನ್ನು ನಂಬಿ ಇಳಿಯಬೇಡಿ.

ಬೇಕಿಂಗ್ ಪೌಡರ್ ಆಗದು, ಅದರಲ್ಲಿ ಸೋಡಾದ ಜೊತೆ ಹುಳಿಯ ಪುಡಿಯೂ ಸೇರಿರುತ್ತದೆ. ಹೊಟ್ಟೆಯುರಿಗೆ ಕುಡಿಯುವ ನೊರೆಪುಡಿಯದ್ದೂ ಅದೇ ಹಣೆಬರಹ. ಬಟ್ಟೆ ಒಗೆಯುವ ವಾಷಿಂಗ್ ಸೋಡಾ ಕೆಲಸ ಮಾಡುತ್ತದೆ. ಆದರೆ ಅದು ಸ್ವತಃ ಚುರುಕು ಕ್ಷಾರ, ಅಲ್ಯೂಮಿನಿಯಂ ತಿನ್ನುತ್ತದೆ, ಚರ್ಮದ ಸೀಟನ್ನು ಹಾಳುಮಾಡುತ್ತದೆ. ಅಂಗಳದ ಸಿಮೆಂಟಿಗೆ ಚೆಲ್ಲಿದ್ದಾದರೆ ಅದೇ ಸೈ, ಕಾರಿನೊಳಗೆ ಅಡುಗೆ ಸೋಡಾವೇ ವಾಸಿ.

ಅಡಕೆ ತೋಟದ ಮನೆಗಳಲ್ಲಿ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆಂದು ತಂದ ಸುಣ್ಣ ಮೂಟೆಗಟ್ಟಲೆ ಇರುತ್ತದೆ. ‘ಮೈಲುತುತ್ತಿಗೇ ಸುಣ್ಣ ಆಗುತ್ತದೆ, ಇದಕ್ಕೆ ಯಾಕಾಗದು’ ಅಂತ ನಮ್ಮ ಮಾವನೂ ಕೇಳಿದರು. ಆಗುತ್ತದೆ, ಆಸಿಡ್ ಸಾಯುತ್ತದೆ. ಆದರೆ ಹುಟ್ಟುವುದು ಜಿಪ್ಸಮ್, ನೀರಲ್ಲಿ ಅಷ್ಟಾಗಿ ಕರಗದ್ದು. ಕಾರ್ಪೆಟಿನ ನೂಲಿನೊಳಗೆ ಗಾರೆ ಮೆತ್ತಿದಂತೆ ಕೂರುತ್ತದೆ. ಸುಣ್ಣದ ಧೂಳು ಕಣ್ಣಿಗೆ ಬಿದ್ದರೆ ಆಸಿಡಿಗಿಂತಲೂ ಕಷ್ಟ.

ಉಳಿದಂತೆ: ಉದ್ದ ತೋಳಿನ ರಬ್ಬರ್ ಅಥವಾ ನೈಟ್ರೈಲ್ ಕೈಗವಸು, ಬದಿಗಳೂ ಮುಚ್ಚುವ ಕನ್ನಡಕ, ಹಳೆಯ ಪಾಲಿಯೆಸ್ಟರ್ ಬಟ್ಟೆ (ಹತ್ತಿಯದ್ದು ತೂತಾಗುತ್ತದೆ), ಮಳೆಗಾಲದ ಗಮ್‌ಬೂಟು, ಎರಡು ಪ್ಲಾಸ್ಟಿಕ್ ಬಕೆಟ್, ಸ್ಪ್ರೇ ಬಾಟಲಿ, ಪ್ಲಾಸ್ಟಿಕ್ ಹಿಡಿಸೂಡಿಯೋ ಬ್ರಷ್ಷೋ, ಹಳೆ ಬೈರಾಸುಗಳು (ಟವೆಲುಗಳು), 10 ಎಂಎಂ ಸ್ಪ್ಯಾನರ್. ಸಾಧ್ಯವಿದ್ದರೆ ಒಂದು ಬುಟ್ಟಿ ಒಣ ಹೊಯ್ಗೆ (ಮರಳು). ಹೊಳೆಯ ಹೊಯ್ಗೆಯೇ ಆಗಬೇಕು. ಕಡಲ ತೀರದ್ದರಲ್ಲಿ ಉಪ್ಪಿರುತ್ತದೆ, ತಗಡಿಗೆ ಅದೊಂದು ಹೊಸ ಶತ್ರು. ಮರದ ಹುಡಿ, ಪೇಪರ್ ಬೇಡ.

ಹಾರ್ಪಿಕ್‌ನಂಥ ಶೌಚಾಲಯ ಕ್ಲೀನರ್ ತರಬೇಡಿ, ಅದೂ ಆಸಿಡ್ಡೇ. ಬ್ಲೀಚಿಂಗ್ ಪುಡಿಯನ್ನಂತೂ ಹತ್ತಿರಕ್ಕೂ ಸೇರಿಸಬೇಡಿ. ಆಸಿಡ್ ತಾಗಿದರೆ ಕ್ಲೋರಿನ್ ಅನಿಲ ಬಿಡುತ್ತದೆ, ಕಾರಿನಂಥ ಇಕ್ಕಟ್ಟಿನಲ್ಲಿ ಅದು ಜೀವಕ್ಕೇ ಸಂಚಕಾರ.

ಹಂತ 1: ಕಾರನ್ನು ಸಜ್ಜು ಮಾಡುವುದು

ಬಾವಿಯಿಂದ ದೂರ, ಮಾಡಿನಡಿ, ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಐದೂ ಬಾಗಿಲು ತೆರೆಯಿರಿ. ಸೋಡಾ ಮತ್ತು ಆಸಿಡ್ ಸೇರಿದಾಗ ಇಂಗಾಲದ ಡೈಆಕ್ಸೈಡ್ ಬರುತ್ತದೆ, 100 ಮಿಲಿ ಆಸಿಡಿಗೆ 20 ಲೀಟರಿನಷ್ಟು ಅನಿಲ. ಅದರ ಜೊತೆ ನೊರೆಯ ಸಣ್ಣ ಹನಿಗಳೂ ಹಾರುತ್ತವೆ, ಗಂಟಲು ಕೆರೆಯುವುದು ಅದರಿಂದ. ಮಳೆ ಬರುತ್ತಿದೆಯೆಂದು ಬಾಗಿಲು ಹಾಕಿಕೊಂಡು ಒಳಗೆ ಕೂತು ಉಜ್ಜಬೇಡಿ. ಬೀಡಿ, ಸಿಗರೇಟು ಬೇಡ, ಆಸಿಡ್ ಕಬ್ಬಿಣ ತಿನ್ನುವಾಗ ಹೈಡ್ರೋಜನ್ ಬಿಡುತ್ತದೆ.

ಚೆಲ್ಲಿದ ಬ್ಯಾಟರಿಯನ್ನು ಇಬ್ಬರು ಸೇರಿ ನೆಟ್ಟಗೆ ಎತ್ತಿ ಹೊರಗೆ ಇಡಿ. 50 ಕೆಜಿಗೂ ಮೇಲಿರುತ್ತದೆ. ಒಬ್ಬರೇ ಎತ್ತಲು ಹೋದರೆ ಎದೆಗೆ ಒತ್ತಿ ಹಿಡಿಯಬೇಕಾಗುತ್ತದೆ, ಅದರ ಮೈಯೆಲ್ಲ ಆಸಿಡ್ ಇರುವಾಗ ಅದು ಬೇಡ.

ಈಗ ಕಾರಿನ ಸ್ವಂತ ಬ್ಯಾಟರಿಯ ಮೈನಸ್ ಟರ್ಮಿನಲ್ ಕಳಚಿ ಹತ್ತು-ಹದಿನೈದು ನಿಮಿಷ ಬಿಡಿ. ಸೀಟು ಕಳಚಬೇಕಾದರೆ ಇದು ಕಡ್ಡಾಯ. ಸೀಟಿನಡಿಯ ಹಳದಿ ಕನೆಕ್ಟರುಗಳು ಏರ್‌ಬ್ಯಾಗಿನವು, ಅವಕ್ಕೆ ನಾವು ಕೈ ಹಾಕುವುದಲ್ಲ. ಹೈಬ್ರಿಡ್ ಕಾರಾದರೆ, ಕಿತ್ತಳೆ ಬಣ್ಣದ ದಪ್ಪ ವಯರು ಕಂಡರೆ, ಅಲ್ಲಿಗೇ ನಿಲ್ಲಿಸಿ ಗ್ಯಾರೇಜಿನವರನ್ನು ಕರೆಸಿ.

ಮ್ಯಾಟು, ಜ್ಯಾಕು, ಸ್ಟೆಪ್ನಿ, ಡಿಕ್ಕಿಯ ಗಟ್ಟಿ ಹಲಗೆ, ತೆಗೆಯಲು ಬರುವುದನ್ನೆಲ್ಲ ತೆಗೆಯಿರಿ. ಆಹಾರ ಪದಾರ್ಥ ಇದ್ದರೆ ಬಿಸಾಡಿ. ಬ್ಯಾಟರಿ ದ್ರವದಲ್ಲಿ ಆಸಿಡ್ ಮಾತ್ರವಲ್ಲ, ಸೀಸವೂ ಇರುತ್ತದೆ. ನಮ್ಮ ಅಕ್ಕಿಯನ್ನು ಕೋಳಿಗೂ ಹಾಕಲಿಲ್ಲ.

ಹಂತ 2: ಹರಡದಂತೆ ಕಟ್ಟುವುದು

ನನ್ನ ತಪ್ಪು ಇಲ್ಲೇ ಆಗಿದ್ದು. ಒದ್ದೆ ಬಟ್ಟೆಯಲ್ಲಿ ಒರೆಸಿ ಮೊದಲೇ ನೀರು ಸೇರಿಸಿದೆ. ಆಸಿಡಿಗೆ ನೀರು ಹಾಕಬಾರದು ಅಂತ ಶಾಲೆಯಲ್ಲಿ ಹೇಳಿಕೊಟ್ಟದ್ದು ಗಟ್ಟಿ ಆಸಿಡ್ ಕುದಿದು ಸಿಡಿಯುವುದರ ಭಯಕ್ಕೆ. ಬ್ಯಾಟರಿ ಆಸಿಡ್ ಈಗಾಗಲೇ ನೀರು ಸೇರಿದ್ದು, ಅಷ್ಟೊಂದು ಸಿಡಿಯುವುದಿಲ್ಲ. ಇಲ್ಲಿನ ಅಪಾಯ ಬೇರೆ. ನೀರು ಆಸಿಡನ್ನು ಹೊತ್ತು ಕಾರ್ಪೆಟಿನಡಿಯ ಮೆತ್ತೆಯಾದ ಫೆಲ್ಟಿಗೆ, ಅಲ್ಲಿಂದ ತಗಡಿಗೆ, ವಯರಿನ ಕಟ್ಟಿಗೆ ಒಯ್ಯುತ್ತದೆ. ಇನ್ನೊಂದು ವಿಚಿತ್ರವುಂಟು: ಕಾರ್ಖಾನೆಗಳು ಗಟ್ಟಿ ಗಂಧಕಾಮ್ಲವನ್ನು ಉಕ್ಕಿನ ಟ್ಯಾಂಕಿನಲ್ಲೇ ತುಂಬಿಡುತ್ತವೆ, ಉಕ್ಕನ್ನು ಹೆಚ್ಚು ಚುರುಕಾಗಿ ತಿನ್ನುವುದು ನೀರು ಬೆರೆತ ಆಸಿಡ್. ಅರೆಬರೆ ತೊಳೆಯುವುದೆಂದರೆ ತಗಡಿಗೆ ಹೆಚ್ಚು ಹಸಿದ ಆಸಿಡನ್ನು ಬಡಿಸಿದ ಹಾಗೆ.

ಹಸಿಹಸಿ ಮಡುಗಟ್ಟಿ ನಿಂತಿದ್ದರೆ ಸುತ್ತಲೂ ಹೊಯ್ಗೆಯ ಕಟ್ಟೆ ಕಟ್ಟಿ. ಒಳಗೆ ಒಣ ಸೋಡಾಪುಡಿ ಉದುರಿಸಿ, ಅಂಚಿನಿಂದ ನಡುವಿಗೆ, ಸ್ವಲ್ಪಸ್ವಲ್ಪವೇ. ನಡುವಿಗೆ ಒಮ್ಮೆಲೇ ಸುರಿದರೆ ನೊರೆ ಉಕ್ಕಿ ಕಟ್ಟೆ ದಾಟುತ್ತದೆ, ದೋಸೆಹಿಟ್ಟು ರಾತ್ರಿ ಪಾತ್ರೆಯಿಂದ ಹೊರಬಂದ ಹಾಗೆ. ನೊರೆ ಇಳಿದ ಮೇಲೆ ಆ ಗಂಜಿಯನ್ನು ಪ್ಲಾಸ್ಟಿಕ್ ಸೌಟಿನಲ್ಲಿ ತೋಡಿ ಮುಚ್ಚಳದ ಬಕೆಟಿಗೆ ಹಾಕಿ. ವ್ಯಾಕ್ಯೂಮ್ ಕ್ಲೀನರ್ ಈಗಲೇ ಬೇಡ, ಅದರ ಮೋಟಾರು ಹೋಗುತ್ತದೆ.

ದಿನಗಳು ಕಳೆದು ಬರೀ ಒದ್ದೆ ಕಲೆಯಾಗಿದ್ದರೆ ನೇರ ಮುಂದಿನ ಹಂತಕ್ಕೆ ಹೋಗಿ.

ಹಂತ 3: ಸೋಡಾನೀರು

1 ಲೀಟರ್ ತಣ್ಣೀರಿಗೆ 100 ಗ್ರಾಂ ಸೋಡಾ. ಅಷ್ಟಕ್ಕಿಂತ ಹೆಚ್ಚು ಕರಗದು, ತಳದಲ್ಲಿ ಸ್ವಲ್ಪ ಉಳಿದರೆ ಉಳಿಯಲಿ. ಬಿಸಿನೀರು ಬೇಡ, ಕಾದರೆ ಸೋಡಾ ಬಾಟಲಿಯಲ್ಲೇ ಅನಿಲ ಬಿಟ್ಟು ವಾಷಿಂಗ್ ಸೋಡಾ ಆಗತೊಡಗುತ್ತದೆ.

ಕಲೆಯ ಹೊರಗೆ ಒಂದು ಗೇಣು ಬಿಟ್ಟು ಅಲ್ಲಿಂದ ಒಳಮುಖವಾಗಿ ಸಿಂಪಡಿಸಿ. ನೊರೆ ಬರುತ್ತದೆ, ಕಾಯಿರಿ. ನಿಂತ ಮೇಲೆ ಬ್ರಷ್ಷಿನಲ್ಲಿ ಕುಟ್ಟಿ. ಉಜ್ಜುವುದಲ್ಲ, ಕುಟ್ಟುವುದು. ದ್ರವ ನೂಲಿನ ಬುಡಕ್ಕೆ ಇಳಿಯಬೇಕು. ಮತ್ತೆ ನೊರೆ ಬರುತ್ತದೆ. ಬೈರಾಸು ಒತ್ತಿ ಹೀರಿ, ಮತ್ತೆ ಸಿಂಪಡಿಸಿ. ನನಗೆ ಏಳು ಸುತ್ತು ಹಿಡಿಯಿತು. ಮೂರನೇ ಸುತ್ತಿಗೇ ಮೇಲೆ ನೊರೆ ನಿಂತಿತ್ತು, ಮುಗಿಯಿತೆಂದು ಚಹಾ ಕುಡಿಯಲು ಹೋದೆ. ಬಂದು ಕಾರ್ಪೆಟಿನ ಅಂಚು ಎತ್ತಿದರೆ ಅಡಿಯ ಫೆಲ್ಟು ಇನ್ನೂ ಸಿರ್ರೆನ್ನುತ್ತಿತ್ತು.

ಸೀಟಿಗೆ ಬಿದ್ದಿದ್ದರೆ ತಾಳ್ಮೆ ಇನ್ನೂ ಹೆಚ್ಚು ಬೇಕು. ಸೀಟಿನ ಫೋಮು ಸ್ಪಂಜು, ಲೀಟರುಗಟ್ಟಲೆ ಹೊಯ್ದರೆ ತಳದವರೆಗೆ ನೆನೆದು ತಿಂಗಳು ಒಣಗುವುದಿಲ್ಲ. ಕೆಲವು ಕಾರುಗಳ ಮುಂದಿನ ಸೀಟಿನೊಳಗೆ ಕೂತವರನ್ನು ಗುರುತಿಸುವ ಸೆನ್ಸರ್ ಬೇರೆ ಇರುತ್ತದೆ. ಕವರಿನ ಜಿಪ್ಪು ಬಿಚ್ಚಿ ಫೋಮನ್ನು ಬೇರೆ ಮಾಡಲು ಬಂದರೆ ಮಾಡಿ. ಬಾರದಿದ್ದರೆ ಸೂಜಿಯಿಲ್ಲದ ಸಿರಿಂಜಿನಲ್ಲಿ ಸೋಡಾನೀರನ್ನು ಕಲೆಯೊಳಗೆ ಇಳಿಸಿ, ಬೈರಾಸಿನಲ್ಲಿ ಒತ್ತಿ ಹೀರುತ್ತ ಹೋಗಿ. ಚರ್ಮದ ಸೀಟಾದರೆ ಬೇಗ ಒರೆಸಿ ತೆಗೆಯಿರಿ. ಬಣ್ಣ ಹೋಗಿದ್ದರೆ ಅದು ವಾಪಸು ಬರುವುದಿಲ್ಲ, ಟೈಲರನ ಕೆಲಸ.

ಬಟ್ಟೆಯ ವಿಷಯದಲ್ಲಿ ನಿರೀಕ್ಷೆ ಸರಿಯಾಗಿ ಇಟ್ಟುಕೊಳ್ಳಿ. ಪಾಲಿಯೆಸ್ಟರ್, ಪಾಲಿಪ್ರೊಪಿಲೀನ್ ಕಾರ್ಪೆಟುಗಳು ಈ ಆಸಿಡನ್ನು ಚೆನ್ನಾಗಿ ತಾಳುತ್ತವೆ. ನೈಲಾನ್ ಸೋಲುತ್ತದೆ. ಹತ್ತಿ, ಸೆಣಬು ತಾಳುವುದೇ ಇಲ್ಲ, ಕಣ್ಣಿಗೆ ಸರಿಯಾಗಿ ಕಂಡರೂ ಮುಟ್ಟಿದಾಗ ಹರಿಯುತ್ತದೆ.

ಹಂತ 4: ಕಾರ್ಪೆಟ್ ಎತ್ತಿ, ತಗಡು ನೋಡಿ

ಹೆಚ್ಚಿನವರು ಇಲ್ಲಿಗೆ ಬರುವುದೇ ಇಲ್ಲ. ವಾಶಿಂಗ್ ಸೆಂಟರಿಗೆ ಕೊಟ್ಟರೆ ಶಾಂಪೂ ಹಾಕಿ, ಸುಗಂಧ ಹೊಡೆದು ಕೊಡುತ್ತಾರೆ. ಶಾಂಪೂ ಆಸಿಡನ್ನು ಏನೂ ಮಾಡುವುದಿಲ್ಲ. ಕಾರಿನ ಬೆಲೆಯುಳ್ಳ ಭಾಗ ಕಾರ್ಪೆಟ್ ಅಲ್ಲ, ಅದರಡಿಯ ತಗಡು. ಕಡಲ ಗಾಳಿಗೆ ಸುರತ್ಕಲ್ಲಿನಿಂದ ಮಲ್ಪೆಯವರೆಗೆ ಯಾವ ಗೇಟನ್ನೂ ತುಕ್ಕು ಬಿಟ್ಟಿಲ್ಲ. ಅದಕ್ಕೆ ಒಳಗಿನಿಂದ ಆಸಿಡೂ ಸೇರಿದರೆ ತೂತಾಗಲು ಹೆಚ್ಚು ಮಳೆಗಾಲ ಬೇಡ.

ಡಿಕ್ಕಿಯ ಕಾರ್ಪೆಟ್ ಸಾಮಾನ್ಯವಾಗಿ ಪ್ಲಾಸ್ಟಿಕ್ ಗುಬ್ಬಿಗಳಲ್ಲಿ ಕೂತಿರುತ್ತದೆ, ಮೆಲ್ಲಗೆ ಮೀಟಿದರೆ ಬರುತ್ತದೆ. ಕಾಲಿನಡಿಯ ಕಾರ್ಪೆಟ್ ತೆಗೆಯಲು ಬಾಗಿಲಿನ ಹೊಸ್ತಿಲ ಪಟ್ಟಿಯನ್ನೂ ಸೀಟನ್ನೂ ಬಿಚ್ಚಬೇಕಾಗುತ್ತದೆ. ಕೈಬಳಕೆ ಇಲ್ಲದವರು ಅಷ್ಟಕ್ಕೆ ಮಾತ್ರ ಮೆಕ್ಯಾನಿಕನ ಸಹಾಯ ಪಡೆಯಿರಿ. ಅವನಿಗೆ ಆಸಿಡ್ ಬಿದ್ದಿದೆ ಎಂದು ಮೊದಲೇ ಹೇಳಿ, ಪಾಪ, ಬರಿಗೈಯಲ್ಲಿ ಮುಟ್ಟುತ್ತಾನೆ.

ಸ್ಟೆಪ್ನಿ ಇಡುವ ಗುಂಡಿ ಅತ್ಯಂತ ತಗ್ಗಿನ ಜಾಗ, ಚೆಲ್ಲಿದ್ದೆಲ್ಲ ಹುಡುಕಿಕೊಂಡು ಅಲ್ಲಿಗೇ ಹೋಗುತ್ತದೆ. ಅಲ್ಲಿ ಸೋಡಾನೀರು ಹೊಯ್ದು, ನೊರೆ ಪೂರ್ತಿ ನಿಂತು, ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ ಹೊಯ್ಯಿರಿ. ತಗಡಿನ ಜೋಡಣೆಗಳ ಸಂದಿಗೆ ಹಳೆ ಟೂತ್‌ಬ್ರಷ್ಷು. ಗುಂಡಿಯ ತಳದಲ್ಲಿ ರಬ್ಬರ್ ಬಿರಡೆ ಇದ್ದರೆ, ಕೆಳಗೊಂದು ತಪ್ಪಲೆಯಾಕಾರದ ಪ್ಲಾಸ್ಟಿಕ್ ಪಾತ್ರೆ ಇಟ್ಟು ಬಿರಡೆ ಎಳೆಯಿರಿ, ನೀರು ಇಳಿದುಹೋಗುತ್ತದೆ. ಕೆಲಸ ಮುಗಿದ ಮೇಲೆ ಬಿರಡೆ ವಾಪಸು ಹಾಕಲು ಮರೆತರೆ ಉಡುಪಿಯ ಕಲ್ಸಂಕದ ನೆರೆನೀರು ಡಿಕ್ಕಿಯೊಳಗೆ ಬರುತ್ತದೆ.

ವಯರಿನ ಕಟ್ಟು ಒದ್ದೆಯಾಗಿದ್ದರೆ ಸೋಡಾನೀರಿನ ಬಟ್ಟೆಯಲ್ಲಿ ಒರೆಸಿ, ಆಮೇಲೆ ಬರೀ ನೀರಿನ ಬಟ್ಟೆ. ಕನೆಕ್ಟರಿನೊಳಗೆ ಹಸಿರು ಪುಡಿ ಕಂಡರೆ ತಾಮ್ರ ತಿನ್ನಿಸಿಕೊಂಡಿದೆ ಎಂದರ್ಥ, ಅದನ್ನು ಬದಲಿಸಲೇಬೇಕು. ಸೀಟ್‌ಬೆಲ್ಟಿಗೆ ಆಸಿಡ್ ತಾಗಿದ್ದರೆ ಒಂದೇ ಮಾತು: ಹೊಸತು ಹಾಕಿಸಿ. ಅದರ ಪಟ್ಟಿ ಹೆಚ್ಚಾಗಿ ಪಾಲಿಯೆಸ್ಟರ್, ತಾಳಿರಲೂಬಹುದು. ಆದರೆ ತಾಳಿದೆಯೇ ಎಂದು ಪರೀಕ್ಷಿಸುವ ಜಾಗ ಪಡುಬಿದ್ರಿ ಹೆದ್ದಾರಿಯಲ್ಲ.

ಹಂತ 5: ಶಂಖಪುಷ್ಪದ ಪರೀಕ್ಷೆ

ಆಸಿಡ್ ಹೋಯಿತೇ? ಔಷಧಿ ಅಂಗಡಿಯಲ್ಲೋ ಲ್ಯಾಬ್ ಸಾಮಾನಿನ ಅಂಗಡಿಯಲ್ಲೋ ಲಿಟ್ಮಸ್ ಅಥವಾ ಪಿಎಚ್ ಕಾಗದ ಸಿಕ್ಕಿದರೆ ಸುಲಭ. ಹಳ್ಳಿಯಲ್ಲಿದ್ದವನಿಗೆ ಬೇಲಿಯ ಶಂಖಪುಷ್ಪವೇ ಗತಿಯಾಯಿತು. ಏಳೆಂಟು ನೀಲಿ ಹೂವನ್ನು ಅರ್ಧ ಲೋಟ ಬಿಸಿನೀರಲ್ಲಿ ಹಾಕಿದರೆ ಕಡುನೀಲಿ ಬಣ್ಣ ಇಳಿಯುತ್ತದೆ. ಶುದ್ಧ ನೀರಲ್ಲಿ ನೀಲಿ, ಆಸಿಡಿನಲ್ಲಿ ನೇರಳೆ, ಹೆಚ್ಚು ಆಸಿಡಾದರೆ ಗುಲಾಬಿ. ಕ್ಷಾರ ಹೆಚ್ಚಿದ್ದರೆ ಹಸಿರಿನ ಛಾಯೆ. ಲಿಂಬೆ ಹಿಂಡಿ ಒಮ್ಮೆ ನೋಡಿಕೊಂಡರೆ ಬಣ್ಣದ ಅಂದಾಜು ಸಿಗುತ್ತದೆ.

ಬಣ್ಣವನ್ನು ನೇರ ಕಾರ್ಪೆಟಿಗೆ ಹಾಕಬೇಡಿ. ಬಿಳಿ ಟಿಶ್ಯೂವನ್ನು ನೀರಲ್ಲಿ ಅದ್ದಿ, ಕಲೆಯ ಮೇಲೆ ಒಂದು ನಿಮಿಷ ಒತ್ತಿ ಹಿಡಿದು, ತಟ್ಟೆಯಲ್ಲಿಟ್ಟು ಅದರ ಮೇಲೆ ಎರಡು ಹನಿ ಹಾಕಿ. ನಡು, ಅಂಚು, ಕಾರ್ಪೆಟಿನ ಅಡಿ, ತಗಡು, ನಾಲ್ಕೂ ಕಡೆ ನೋಡಿ. ಅರಶಿನದ ನೀರಿನಿಂದ ಈ ಪರೀಕ್ಷೆ ಆಗದು, ಅದು ಆಸಿಡಿಗೆ ಬಣ್ಣ ಬದಲಿಸುವುದಿಲ್ಲ, ಕ್ಷಾರಕ್ಕೆ ಮಾತ್ರ ಕೆಂಪಾಗುತ್ತದೆ.

ಹಂತ 6: ತೊಳೆದು ಒಣಗಿಸುವುದು

ಎಲ್ಲ ಕಡೆ ನೀಲಿ ಬಂದ ಮೇಲೆಯೇ ಬರೀ ನೀರು. ಸೋಡಾ ಮತ್ತು ಆಸಿಡ್ ಸೇರಿ ಆದದ್ದು ಒಂದು ಬಗೆಯ ಉಪ್ಪು, ಬಿಟ್ಟರೆ ಒಣಗಿದ ಮೇಲೆ ಬಿಳಿ ಬೂಷ್ಟಿನಂತೆ ಮೇಲೆ ಬರುತ್ತದೆ. ಕಾರ್ಪೆಟನ್ನು ಹೊರಗೆ ತೆಗೆದಿದ್ದರೆ ಪೈಪಿನಲ್ಲೇ ತೊಳೆಯಿರಿ. ಒಳಗೇ ಇದ್ದರೆ ಸಿಂಪಡಿಸಿ, ಹೀರಿ, ಎರಡು-ಮೂರು ಸಲ. ನೀರು ಎಳೆಯುವ ವ್ಯಾಕ್ಯೂಮನ್ನು ಈಗ ಬಳಸಬಹುದು.

ಒಣಗಿಸುವುದೇ ನಮ್ಮೂರಲ್ಲಿ ದೊಡ್ಡ ಕಥೆ. ಜೂನ್-ಜುಲೈಯಲ್ಲಿ ಒಳ ಉಡುಪೇ ನಾಲ್ಕು ದಿನ ಒಣಗುವುದಿಲ್ಲ. ಕಾರ್ಪೆಟನ್ನು ಬಚ್ಚಲೊಲೆಯ ಮೇಲಿನ ಹಗ್ಗಕ್ಕೆ ನೇತುಹಾಕುವ ಯೋಚನೆ ಬೇಡ, ಪ್ಲಾಸ್ಟಿಕ್ ನೂಲು ಬೆಂಕಿಯ ಮೇಲೆ. ಮಾಡಿನಡಿ ನೆಟ್ಟಗೆ ನಿಲ್ಲಿಸಿ ಟೇಬಲ್ ಫ್ಯಾನ್ ಇಡಿ. ಕಾರಿನೊಳಗಿನ ತಗಡಿಗೆ ಬೈರಾಸು, ಆಮೇಲೆ ಬ್ಯಾಟರಿ ಜೋಡಿಸಿ, ಗಾಡಿಯನ್ನು ಬಯಲಲ್ಲಿ ನಿಲ್ಲಿಸಿ ಒಂದು ಗಂಟೆ ಎಸಿ. ಎಸಿ ಗಾಳಿಯ ತೇವ ಹಿಂಡುತ್ತದೆ. ಮುಚ್ಚಿದ ಶೆಡ್ಡಿನೊಳಗೆ ಎಂಜಿನ್ ಓಡಿಸಬೇಡಿ. ಫೆಲ್ಟು ಆಸಿಡ್ ಕುಡಿದು ಪುಡಿಯಾಗಿದ್ದರೆ ಒಣಗಿಸುವ ಶ್ರಮವೇ ಬೇಡ, ಕತ್ತರಿಸಿ ತೆಗೆದು ಹೊಸ ತುಂಡು ಹಾಕಿ.

ಹಂತ 7: ತಗಡಿನ ಚಿಕಿತ್ಸೆ

ಬಣ್ಣ ಉಬ್ಬಿದ್ದರೆ, ಕಂದು ಬಣ್ಣ ಕಂಡರೆ, ಅದೇ ವಾರ ಮಾಡಿ ಮುಗಿಸಿ. ಸಡಿಲ ಬಣ್ಣವನ್ನು ವಯರ್ ಬ್ರಷ್ಷಿನಲ್ಲಿ ಕೆರೆದು, 120ರ ಮರಳುಕಾಗದದಲ್ಲಿ ಹೊಳೆವ ಲೋಹ ಕಾಣುವವರೆಗೆ ಉಜ್ಜಿ, ಸಂದಿಯಲ್ಲಿ ಉಳಿದ ತುಕ್ಕಿಗೆ ರಸ್ಟ್ ಕನ್ವರ್ಟರ್ ಹಚ್ಚಿ. ಅದು ಒಣಗಿದ ಮೇಲೆ ಎಪಾಕ್ಸಿ ಪ್ರೈಮರ್ ಎರಡು ಕೋಟು, ಮೇಲೆ ಬಣ್ಣ. ಮರೆಯಲ್ಲಿರುವ ಜಾಗವಾದ್ದರಿಂದ ಬಣ್ಣ ಹೊಂದಬೇಕೆಂದಿಲ್ಲ, ನನ್ನ ಬೆಳ್ಳಿ ಬಣ್ಣದ ಕಾರಿನ ಸ್ಟೆಪ್ನಿ ಗುಂಡಿ ಈಗ ಗೇಟಿನ ಉಳಿದ ಹಸಿರಿನಲ್ಲಿದೆ. ಉಗುರಿನಿಂದ ಒತ್ತಿದರೆ ತಗಡು ಬಗ್ಗುವಷ್ಟು ತೆಳ್ಳಗಾಗಿದ್ದರೆ ಮಾತ್ರ ಟಿಂಕರಿಂಗಿನವರ ದಾರಿ.

ಉಳಿದ ಕೊಳೆ ಎಲ್ಲಿಗೆ?

ಮೊದಲ ಸುತ್ತಿನ ಗಂಜಿ, ಹೊಯ್ಗೆ, ಬೈರಾಸುಗಳಲ್ಲಿ ಸೀಸ ಇರುತ್ತದೆ. ಆಸಿಡ್ ಸತ್ತರೂ ಸೀಸ ಸಾಯುವುದಿಲ್ಲ. ನಮ್ಮ ಮುರಕಲ್ಲಿನ (ಜಂಬಿಟ್ಟಿಗೆಯ) ನೆಲ ತೂತುತೂತು, ಅಂಗಳಕ್ಕೆ ಹೊಯ್ದದ್ದು ಬಾವಿಗೆ ದಾರಿ ಹುಡುಕಿಕೊಳ್ಳುತ್ತದೆ. ಮುಚ್ಚಳದ ಬಕೆಟಿನಲ್ಲಿ ಹಾಕಿ, ಹಳೆ ಬ್ಯಾಟರಿ ಕೊಳ್ಳುವ ಅಂಗಡಿಯವರಲ್ಲಿ ಇದನ್ನೂ ತೆಗೆದುಕೊಳ್ಳುತ್ತೀರಾ ಎಂದು ಕೇಳಿ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆ ಬ್ಯಾಟರಿಯನ್ನು ಮನೆಯ ಕಸದೊಂದಿಗೆ ಸೇರಿಸುವಂತಿಲ್ಲ. ಈ ಕೊಳೆಯನ್ನೂ ಹಾಗೆಯೇ ನೋಡುವುದು ನ್ಯಾಯ. ಕಸದ ಗಾಡಿಯವರು ಕೈಯಲ್ಲೇ ಬೇರ್ಪಡಿಸುತ್ತಾರೆ ಎಂಬುದೂ ನೆನಪಿರಲಿ. ಕೊನೆಯ ತೊಳೆನೀರನ್ನು ಬಾವಿ, ತರಕಾರಿ ಸಾಲು, ತೋಡು ಮೂರರಿಂದಲೂ ದೂರವಿಟ್ಟು, ಒಳಚರಂಡಿ ಸಂಪರ್ಕ ಇರುವಲ್ಲಿ ಹೆಚ್ಚು ನೀರಿನೊಂದಿಗೆ ಬಿಡಿ.

ಬ್ಯಾಟರಿಗೆ ಏನು ಮಾಡುವುದು, ಮುಂದಿನ ಸಲ ಹೇಗೆ ಒಯ್ಯುವುದು

ಚೆಲ್ಲಿದ ಬ್ಯಾಟರಿಯ ಮೈಯನ್ನು ಮುಚ್ಚಳ ಬಿಗಿ ಮಾಡಿ ಸೋಡಾನೀರಿನಲ್ಲಿ ಒರೆಸಿ. ಒಂದು ಹನಿ ಸೋಡಾನೀರೂ ಒಳಗೆ ಇಳಿಯಬಾರದು, ಒಳಗಿನ ಆಸಿಡನ್ನೂ ಅದು ಕೊಲ್ಲುತ್ತದೆ. ಕಡಿಮೆಯಾದ ಮಟ್ಟಕ್ಕೆ ಡಿಸ್ಟಿಲ್ಡ್ ವಾಟರ್ ಹಾಕಿ ಸರಿದೂಗಿಸಬೇಡಿ. ನಿತ್ಯ ಬಳಕೆಯಲ್ಲಿ ಕಡಿಮೆಯಾಗುವುದು ನೀರು, ಅಲ್ಲಿ ನೀರು ಸರಿ. ಚೆಲ್ಲಿ ಹೋದದ್ದು ಆಸಿಡ್, ಅದಕ್ಕೆ ಅಷ್ಟೇ ಸಾಂದ್ರತೆಯ ಆಸಿಡನ್ನು ಬ್ಯಾಟರಿ ಅಂಗಡಿಯಲ್ಲಿ ಹೈಡ್ರೋಮೀಟರ್ ಇಟ್ಟು ನೋಡಿಯೇ ತುಂಬಬೇಕು. ಪೆಟ್ಟಿಗೆ ಬಿರುಕು ಬಿಟ್ಟಿದ್ದರೆ ಅಂಟು, ಎಂ-ಸೀಲ್ ಎಂದು ಸಾಹಸ ಬೇಡ.

ಸಾಧ್ಯವಾದರೆ ಅಂಗಡಿಯವರ ಟೆಂಪೋದಲ್ಲೇ ತರಿಸಿ. ನಿಮ್ಮ ಕಾರಿನಲ್ಲೇ ಆಗಬೇಕೆಂದರೆ ಬಟ್ಟೆ ಒಗೆಯುವ ದಪ್ಪ ಪ್ಲಾಸ್ಟಿಕ್ ಟಬ್ಬಿನ ತಳದಲ್ಲಿ ಎರಡು ಹಿಡಿ ಅಡುಗೆ ಸೋಡಾ ಉದುರಿಸಿ, ಅದರೊಳಗೆ ಬ್ಯಾಟರಿ ನಿಲ್ಲಿಸಿ. ಎತ್ತರದ ಬ್ಯಾಟರಿಯ ತಲೆ ಭಾರ, ಟಬ್ಬಿನ ಜೊತೆಗೇ ವಾಲುತ್ತದೆ, ಆದ್ದರಿಂದ ಹಿಂದಿನ ಸೀಟಿನ ಬೆನ್ನಿಗೆ ಒತ್ತಿ, ಡಿಕ್ಕಿಯ ಕೊಂಡಿಗಳಿಗೆ ಹಗ್ಗ ಬಿಗಿದು ಕಟ್ಟಬೇಕು. ಟರ್ಮಿನಲ್ಲುಗಳ ಮೇಲೆ ರಬ್ಬರ್ ಟೋಪಿ ಇರಲಿ, ಜ್ಯಾಕಿನ ಕಬ್ಬಿಣ ಹತ್ತಿರ ಬೇಡ. ಗಾಜು ಎರಡು ಬೆರಳು ಇಳಿಸಿ. ಪರ್ಕಳದ ತಿರುವು, ಹಂಪುಗಳಲ್ಲಿ ಎರಡನೇ ಗೇರು.

ತೊಳೆದು ಮೂರು ವಾರವಾದ ಮೇಲೆ ಡಿಕ್ಕಿ ತೆರೆದು ಅದೇ ಅಂಗೈಯಗಲದ ಜಾಗಕ್ಕೆ ಟಿಶ್ಯೂ ಒತ್ತಿ ನೋಡಿದೆ. ಕಾರ್ಪೆಟ್ ನೀಲಿ ತೋರಿಸಿತು. ಎಡಬದಿಯ ಟೇಲ್‌ಲೈಟಿನ ಕೆಳಗಿನ ಸಂದಿಯಲ್ಲಿ ಮಾತ್ರ ತಿಳಿನೇರಳೆ. ಸ್ಪ್ರೇ ಬಾಟಲಿ ಮತ್ತೆ ಕೈಗೆತ್ತಿಕೊಂಡೆ.